ನಾಲ್ಕನೆಯ ತುಂಡು

ಕಳೆದ ವರ್ಷ ಸಂಕ್ರಾಂತಿಯಾದ ಮೇಲಿನ ಮೂರನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಹೊಳಲ್ಕೆರೆಯ ಒಂದು ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ನಿಂತಿದ್ದೆ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಕಬ್ಬಿಣದ ಬೀರುವಿಗೆ ಎಡಭುಜ ತಾಗುವಂತೆ. ಕಂಪ್ಯೂಟರಿನ ಪರದೆ ನನ್ನಿಂದ ಆರಡಿ ದೂರದಲ್ಲಿತ್ತು. ಕನ್ನಡಕ ಹಾಕಿಕೊಂಡಿದ್ದೆ. ಗಂಟೆ ಆ ಪರದೆಯ ಮೂಲೆಯಲ್ಲೇ ಕಾಣುತ್ತಿದ್ದುದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ. ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಲು ಒಂದು ವರ್ಷದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲೆ ಪ್ರೌಢಶಾಲೆಯಲ್ಲಿ ಗಣಿತ ಹೇಳಿದವನು ನಾನು. ಹಂತ ಬಿಟ್ಟು ಉತ್ತರ ಬರೆದವರಿಗೆ ಅಂಕ ಕೊಡುತ್ತಿರಲಿಲ್ಲ. ಈಗ ನನ್ನ ಸರದಿ.

ನಿವೃತ್ತಿಯಾದ ಮೇಲೆ ಚಿತ್ರದುರ್ಗದಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಹಾಸ್ಟೆಲಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಅಲ್ಲಿ ಕಣ್ಣು ಕಾಣದ ಮೂವರು ಹೈಸ್ಕೂಲು ವಿದ್ಯಾರ್ಥಿಗಳಿದ್ದರು. ಪಕ್ಕದ ಮಂಚದವನಿಗೆ ಮನಸ್ಸು ಬಂದರೆ ಪಾಠ ಓದಿ ಹೇಳುತ್ತಿದ್ದ, ಬಾರದಿದ್ದರೆ ಇಲ್ಲ. ಅವರ ಓದು ಇನ್ನೊಬ್ಬರ ನಿದ್ದೆ, ಹಸಿವು, ಕ್ರಿಕೆಟ್ಟುಗಳ ಮೇಲೆ ನಿಂತಿತ್ತು. ಪಠ್ಯಪುಸ್ತಕಗಳನ್ನು ಯಾರಾದರೂ ಒಮ್ಮೆ ಚೆನ್ನಾಗಿ ಓದಿ ಧ್ವನಿಮುದ್ರಿಸಿ ಕೊಟ್ಟರೆ ಇವರು ಯಾರ ಬಾಯನ್ನೂ ಕಾಯಬೇಕಿಲ್ಲ ಎಂದು ನನಗೆ ಹೊಳೆಯಿತು. ಯಾರು ಓದಬೇಕು ಎನ್ನುವುದಕ್ಕೆ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

ಶ್ರೀರಾಂಪುರದ ಶಾಲೆಯಲ್ಲಿ ನನ್ನ ಜೊತೆ ಆರು ವರ್ಷ ಕೆಲಸ ಮಾಡಿದ ಕನ್ನಡ ಮೇಡಂ ಒಬ್ಬರಿದ್ದರು. ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ಅವರು ಪಾಠ ಓದಲು ಶುರು ಮಾಡಿದರೆ ನನ್ನ ಮಕ್ಕಳು ಲೆಕ್ಕ ಬಿಟ್ಟು ಗೋಡೆಯ ಕಡೆ ಕಿವಿ ಕೊಡುತ್ತಿದ್ದರು. ಗದರಿಸುವ ಮೊದಲು ನಾನೂ ಒಂದು ನಿಮಿಷ ಕೇಳಿರುತ್ತಿದ್ದೆ. ದೊಡ್ಡ ದನಿಯಲ್ಲ ಅದು. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ತಿಳಿದ ದನಿ. ಅವರೂ ನಿವೃತ್ತಿಯಾಗಿ ಹೊಸದುರ್ಗದಲ್ಲಿ ಮನೆ ಮಾಡಿದ್ದರು. ಫೋನಿನಲ್ಲಿ ವಿಷಯ ಹೇಳಿದೆ. "ಓದಾದು ಬಿಟ್ರೆ ನಂಗೆ ಇನ್ನೇನು ಬರ್ತೈತೆ ಮೇಷ್ಟ್ರೇ, ಅಡಿಗೆ ಅಂತೂ ನೀವು ಉಂಡು ನೋಡಿದೀರಿ" ಎಂದರು.

ಮುದ್ರಿಸಿಕೊಳ್ಳಲು ಸಿಕ್ಕವನು ಹೊಳಲ್ಕೆರೆಯ ಸ್ಟುಡಿಯೋದವನು. ನನ್ನ ಹಳೆಯ ವಿದ್ಯಾರ್ಥಿ, ಈಗ ನಲವತ್ತೈದು ದಾಟಿದ ಗೃಹಸ್ಥ, ಮದುವೆಗಳಿಗೆ ಫೋಟೋ, ವಿಡಿಯೋ ಮಾಡುವವನು. ಒಳಕೋಣೆಯ ಗೋಡೆಗಳಿಗೆ ಕುರಿಯ ಕಂಬಳಿಗಳನ್ನು ಇಳಿಬಿಟ್ಟು, ಫ್ಯಾನು ನಿಲ್ಲಿಸಿ, ರಸ್ತೆಯ ಸದ್ದು ಒಳಬರದ ಹಾಗೆ ಮಾಡಿದ. ಮೇಡಂ ಶನಿವಾರ ಶನಿವಾರ ಹೊಸದುರ್ಗದಿಂದ ಬಸ್ಸಿನಲ್ಲಿ ಬಂದು ಆ ಕಂಬಳಿಗಳ ನಡುವೆ ಬೆವರುತ್ತಾ ಓದುತ್ತಿದ್ದರು. ಓದಿದ್ದನ್ನು ಪುಸ್ತಕ ಹಿಡಿದು ತಾಳೆ ನೋಡುತ್ತಿದ್ದವರು ಹಿರಿಯೂರಿನ ಒಬ್ಬ ಔಷಧಿ ಅಂಗಡಿಯವರು, ನನ್ನ ಬಾಲ್ಯದ ಗೆಳೆಯ. ಗಿರಾಕಿ ಇಲ್ಲದಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿ, ಮಾತ್ರೆ ಕಟ್ಟುವ ಕಾಗದದ ಹಿಂದೆ ತಪ್ಪುಗಳನ್ನು ಬರೆದು ಕಳಿಸುತ್ತಿದ್ದರು. ಏಳು ವರ್ಷ ನಡೆಯಿತು ಈ ಕೆಲಸ. ಎಂಟನೇ ತರಗತಿಯಿಂದ ಪಿಯುಸಿವರೆಗೆ, ಗಣಿತ ಒಂದನ್ನು ಬಿಟ್ಟು, ಎಲ್ಲ ಪುಸ್ತಕಗಳೂ ಅವರ ದನಿಯಲ್ಲಿ ಬಂದವು.

ಮಕ್ಕಳಿಗೆ ಫೋನಿನಲ್ಲಿ ಕಳಿಸುತ್ತಿದ್ದುದು ಹಿಂಡಿ ಸಣ್ಣದು ಮಾಡಿದ ಪ್ರತಿ. ಅದರಲ್ಲಿ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಇರುತ್ತಿತ್ತು. ಕಂಬಳಿ ಕೋಣೆಯಲ್ಲಿ ಮುದ್ರಿಸಿದ ಮೂಲ ಕಡತಗಳು ದೊಡ್ಡವು, ಅವು ಬೇರೆ. ಅವು ಊರಿಂದೂರಿಗೆ ಹೋಗುತ್ತಿದ್ದುದು ಬಸ್ಸಿನಲ್ಲಿ. ಡಿಸ್ಕನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ಡ್ರೈವರ್ ಕೈಗೆ ಕೊಟ್ಟು, ಬಸ್ಸಿನ ನಂಬರನ್ನು ಆ ಊರಿನವರಿಗೆ ಫೋನಿನಲ್ಲಿ ತಿಳಿಸುವುದು. ಒಮ್ಮೆ ಹಿರಿಯೂರಿನ ಸ್ಟ್ಯಾಂಡಿನಲ್ಲಿ ಡ್ರೈವರ್ ನಮ್ಮ ಗೆಳೆಯರಿಗೆ ಡಬ್ಬಿ ಕೊಡುತ್ತಾ, "ಏನ್ರೀ ಯಜಮಾನ್ರೇ, ದಿನಾ ದುರ್ಗದಿಂದ ಊಟ ಬರ್ತೈತೆ, ಮನ್ಯಾಗೆ ಜಗಳವಾ?" ಎಂದು ಕೇಳಿದ್ದನಂತೆ. ಏಳು ವರ್ಷದಲ್ಲಿ ಒಂದು ಡಬ್ಬಿಯೂ ಕಳೆದಿರಲಿಲ್ಲ.

ನನ್ನ ಕಂಪ್ಯೂಟರು ತುಂಬಿತು. ಎಲ್ಲವನ್ನೂ ಕೊನೆಗೆ ಹೇಗೆ ಕಟ್ಟಿ, ಎಲ್ಲಿ ಇಡುವುದು ಎಂದು ತೀರ್ಮಾನಿಸಬೇಕಾಯಿತು. ಅದೇ ಹೊತ್ತಿಗೆ ಒಂದು ಕೆಟ್ಟ ಘಟನೆ ನಡೆಯಿತು. ಯಾವುದೋ ಟ್ಯೂಷನ್ ಕೇಂದ್ರದವರು ತಮ್ಮ ಜಾಹೀರಾತಿನ ಹಾಡಿನ ಹಿಂದೆ ಮೇಡಂ ಓದಿದ ಇತಿಹಾಸದ ಪಾಠ ಸೇರಿಸಿ ಫೋನುಗಳಲ್ಲಿ ಹರಿಯಬಿಟ್ಟರು. ಡಬ್ಬಿ ದನಿಯಲ್ಲ, ಕಂಬಳಿ ಕೋಣೆಯ ಮೂಲ ದನಿಯೇ. ಅಂದರೆ ನಮ್ಮ ನಾಲ್ವರಲ್ಲಿ ಯಾರದೋ ಕಡೆಯಿಂದ ಹೋಗಿತ್ತು. ಯಾರಿಂದ ಎಂದು ಇವತ್ತಿಗೂ ಗೊತ್ತಿಲ್ಲ. ಆಗ ನನ್ನ ಮನಸ್ಸು ಸ್ಟುಡಿಯೋದವನ ಮೇಲೆ ಹೋಯಿತು ಎನ್ನುವುದನ್ನು ಮಾತ್ರ ಬರೆಯಬಲ್ಲೆ. ಅವನನ್ನು ನಾನು ಕೇಳಲಿಲ್ಲ.

ಹೊಸದುರ್ಗದಲ್ಲಿ ಮೇಡಂ ಮನೆಯ ಜಗಲಿಯ ಮೇಲೆ ನಾಲ್ವರೂ ಸೇರಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು.

"ಸಾರ್, ಸುಮ್ನೆ ನಾಕು ಡಿಸ್ಕಿಗೂ ಪೂರ್ತಿ ಹಾಕ್ಬಿಡಾಣ. ಒಂದು ಕೆಟ್ರೆ ಇನ್ನೊಂದಿರ್ತೈತೆ" ಎಂದ ಸ್ಟುಡಿಯೋದವನು.

"ನಾಕು ಕಡೆ ಪೂರ್ತಿ ಇದ್ರೆ ನಾಕು ಕಡೆಯಿಂದ ಸೋರ್ತೈತಪ್ಪ" ಎಂದೆ. ಹೇಳುವಾಗ ಅವನ ಮುಖ ನೋಡಲಿಲ್ಲ.

"ಇಂಟರ್‌ನೆಟ್ಟಿನಾಗೆ ಇಡಾದಲ್ವಾ? ನಮ್ಮ ಅಳಿಯ ಅದೇನೋ ಮೋಡದಾಗೆ ಇಡಬೋದು ಅಂತಾನೆ" ಎಂದರು ಔಷಧಿ ಅಂಗಡಿಯವರು. ತಾವೇ ಮುಂದುವರಿಸಿ, "ಹಿರಿಯೂರಿನ ಮೋಡ ನಂಬಿ ಯಾರು ಉದ್ಧಾರ ಆಗಿದಾರೆ ಬಿಡ್ರಿ" ಎಂದು ನಕ್ಕರು.

ನಾನು ಅದನ್ನು ಮಾಡಿ ನೋಡಿಯೇ ಬಂದಿದ್ದೆ. ನಮ್ಮ ಮನೆಯ ಲೈನಿನಲ್ಲಿ ಒಂದು ಪಾಠ ಮೇಲೇರಲು ಮುಕ್ಕಾಲು ಗಂಟೆ ಹಿಡಿದಿತ್ತು, ಕರೆಂಟು ಹೋದರೆ ಮೊದಲಿನಿಂದ. ಪಾಸ್‌ವರ್ಡು ಯಾರ ಕೈಯಲ್ಲಿರಬೇಕು ಎನ್ನುವ ಪ್ರಶ್ನೆ ಬೇರೆ. ಸೀಡಿಗಳು ಗೀರು ಬೀಳುತ್ತವೆ, ಅವನ್ನು ಹಾಕುವ ಕಂಪ್ಯೂಟರುಗಳೂ ಈಗ ಬರುವುದಿಲ್ಲ. ಇದನ್ನೆಲ್ಲ ಒಂದೊಂದಾಗಿ ಹೇಳಿ, ಕೊನೆಗೆ ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದನ್ನು ಹೊರಗಿಟ್ಟೆ.

ನಮ್ಮೂರು ಭರಮಸಾಗರದಿಂದಾಚೆಗಿನ ಹಳ್ಳಿ. ಅಲ್ಲಿ ದೇವರ ಒಡವೆಯ ಪೆಟ್ಟಿಗೆಗೆ ಮೂರು ಬೀಗ. ಒಂದರ ಕೀಲಿ ಗೌಡರ ಮನೆಯಲ್ಲಿ, ಒಂದು ಪೂಜಾರಿಯ ಮನೆಯಲ್ಲಿ, ಒಂದು ಶಾನುಭೋಗರ ಮನೆಯಲ್ಲಿ. ಮೂರು ಮನೆಯವರೂ ಬಂದು ನಿಂತ ಹೊರತು ಪೆಟ್ಟಿಗೆ ತೆರೆಯದು. ಆ ಮನೆಗಳ ನಡುವೆ ಮಾತು ಬಿಟ್ಟುಹೋದ ವರ್ಷಗಳಲ್ಲೂ ಒಡವೆ ಅಲುಗಲಿಲ್ಲ. ಎಲ್ಲ ಕಡತಗಳನ್ನೂ ಒಂದೇ ಗಂಟು ಕಟ್ಟಿ, ಪಾಸ್‌ವರ್ಡು ಹಾಕಿ, ಆ ಗಂಟನ್ನು ನಾಲ್ಕು ತುಂಡು ಮಾಡುವ ತಂತ್ರಾಂಶ ಇದೆ. ನಾಲ್ಕೂ ಒಟ್ಟಿಗೆ ಸೇರದೆ ಒಂದಕ್ಷರವೂ ಹೊರಗೆ ಬರದು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತುಂಡು ಎಂದೆ.

"ಭೇಷ್! ದೇವ್ರ ಪೆಟ್ಗೆ" ಎಂದರು ಔಷಧಿ ಅಂಗಡಿಯವರು.

ಮೇಡಂ, "ಹಂಗೇ ಮಾಡ್ರಿ ಮೇಷ್ಟ್ರೇ. ಆ ಜಾಹೀರಾತು ಕೇಳ್ದಾಗ ನನ್ನ ದನೀನ ಕಟ್ಟಿಕೊಂಡೋಗಿ ಸಂತ್ಯಾಗೆ ನಿಲ್ಸಿದಂಗೆ ಆತು" ಎಂದರು.

ಸ್ಟುಡಿಯೋದವನು ಬಜ್ಜಿಯ ತೊಟ್ಟನ್ನು ತಟ್ಟೆಯಲ್ಲಿಟ್ಟ. "ಒಂದು ತುಂಡು ಹೋದ್ರೆ ಸಾರ್?" ಎಂದು ಕೇಳಿದ. ಕೇಳಿದ್ದು ನಿಜ. ಅದನ್ನು ಬಿಟ್ಟು ಬರೆದರೆ ನನ್ನ ಸಾಕ್ಷಿ ಸುಳ್ಳಾಗುತ್ತದೆ. "ನಾವು ನಾಕೂ ಜನ ಹೋಗಲ್ಲವಲ್ಲ" ಎಂದೆ ನಾನು. ಎಲ್ಲರೂ ನಕ್ಕರು, ಅವನೂ ನಕ್ಕ.

ಊರಿನ ಪೆಟ್ಟಿಗೆಯ ಒಂದು ಕೀಲಿ ಕಳೆದರೆ ಕಮ್ಮಾರನನ್ನು ಕರೆಸಿ ಬೀಗ ಒಡೆಸಬಹುದು, ಒಡವೆ ಒಳಗೇ ಇರುತ್ತದೆ. ನಾವು ಕೀಲಿ ಹಂಚಿಕೊಳ್ಳಲಿಲ್ಲ, ಒಡವೆಯನ್ನೇ ಕತ್ತರಿಸಿ ಹಂಚಿಕೊಂಡೆವು. ಗಣಿತದ ಮೇಷ್ಟ್ರಾಗಿ ಇಷ್ಟು ಸಣ್ಣ ವ್ಯತ್ಯಾಸ ನನಗೆ ಕಾಣಲಿಲ್ಲ.

ತುಂಡು ಮಾಡಿದ ಮೇಲೆ, ಪೂರ್ತಿ ಗಂಟು ಯಾರ ಮನೆಯಲ್ಲೂ ಇರಬಾರದೆಂಬ ನಿಯಮದಂತೆ, ನನ್ನ ಕಂಪ್ಯೂಟರಿನಲ್ಲಿದ್ದ ಮೂಲವನ್ನು ನಾನೇ ಅಳಿಸಿದೆ. ಸ್ಟುಡಿಯೋದಲ್ಲಿ ಉಳಿದಿದ್ದುದನ್ನು ಅವನು ನನ್ನೆದುರಿಗೇ ಅಳಿಸಿದ. ಮೊದಲನೆಯ ತುಂಡು ಚಿತ್ರದುರ್ಗದಲ್ಲಿ ನನ್ನ ಬಳಿ, ಎರಡನೆಯದು ಹಿರಿಯೂರಿಗೆ, ಮೂರನೆಯದು ಹೊಸದುರ್ಗದಲ್ಲಿ ಮೇಡಂ ಬಳಿ, ನಾಲ್ಕನೆಯದು ಹೊಳಲ್ಕೆರೆಗೆ. ಡಿಸ್ಕುಗಳ ಮೇಲೆ ನನ್ನ ಕೈಯಾರೆ ಚೀಟಿ ಅಂಟಿಸಿದೆ. ಹೊಳಲ್ಕೆರೆಯದರ ಮೇಲೆ: "ನಾಲ್ಕನೆಯದು. ಇದರಲ್ಲಿ ಬೇರೇನೂ ಹಾಕಬೇಡಿ."

ಮಧ್ಯೆ ಕೆಡದಿರಲಿ ಎಂದು ಒಂದು ಪರೀಕ್ಷೆಯನ್ನೂ ಇಟ್ಟಿದ್ದೆ. ಕಂಪ್ಯೂಟರಿಗೆ ಹೇಳಿದರೆ ಅದು ತುಂಡನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅಂಕಿ ಮತ್ತು ಅಕ್ಷರಗಳ ಒಂದು ಉದ್ದ ಸಾಲು ಕೊಡುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಬೇರೆಯಾಗುತ್ತದೆ. ನಾವು ಅದನ್ನು ತಾಳೆ ಸಂಖ್ಯೆ ಎನ್ನುತ್ತಿದ್ದೆವು. ವರ್ಷಕ್ಕೊಮ್ಮೆ, ದೀಪಾವಳಿಯಾದ ವಾರದಲ್ಲಿ, ಉಳಿದ ಮೂವರೂ ಡಿಸ್ಕು ಹಚ್ಚಿ ತಮ್ಮ ಸಾಲನ್ನು ತೆಗೆದು ನನಗೆ ಫೋನಿನಲ್ಲಿ ಓದಬೇಕು, ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದಕ್ಕೆ ಹೋಲಿಸಬೇಕು. ಹೋಲಿಸಿದೆ, ಪ್ರತಿ ವರ್ಷವೂ. ಆದರೆ ಅವರವರ ಸಾಲನ್ನು ಅವರವರ ಡಿಸ್ಕಿನ ಡಬ್ಬಿಯೊಳಗೆ ಚೀಟಿ ಬರೆದು ಇಟ್ಟವನೂ ನಾನೇ. ಓದುವಾಗ ಅಕ್ಷರ ತಪ್ಪದಿರಲಿ, ಕಣ್ಣಿಗೆ ಸುಲಭವಾಗಲಿ ಎಂದು. ಪರೀಕ್ಷೆಯ ಕೋಣೆಗೆ ಪ್ರಶ್ನೆಯ ಜೊತೆ ಉತ್ತರವನ್ನೂ ಕಳಿಸಿದ ಮೇಷ್ಟ್ರು ಇನ್ನೊಬ್ಬ ಇರಲಾರ.

ಮೂರು ವರ್ಷ ಹೀಗೆ ಕಳೆದ ಮೇಲೆ ಮೇಡಂಗೆ ಗಂಟಲಿನ ಕಾಯಿಲೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದ ದಿನದಿಂದ ಆಪರೇಷನ್ನಿನ ದಿನದವರೆಗೆ ಇಪ್ಪತ್ತೆರಡು ದಿನ. ನಾನು ಮೂರನೆಯ ದಿನ ಹೊಸದುರ್ಗಕ್ಕೆ ಹೋದೆ. ಆಗ ಅವರ ದನಿ ಸ್ವಲ್ಪ ಒಡೆದಿತ್ತು, ಆದರೂ ಅವರದೇ ದನಿ.

"ಮೇಷ್ಟ್ರೇ, ಈಗ ಒಂಥರಾ ಯಂತ್ರ ಬಂದೈತಂತೆ. ನಮ್ಮ ಹಳೇ ದನೀನ ಅದಕ್ಕೆ ಕೇಳಿಸಿದ್ರೆ, ನಾವು ಫೋನಿನಾಗೆ ಬರ್ದಿದ್ದನ್ನ ಅದೇ ದನೀಲಿ ಮಾತಾಡ್ತೈತಂತೆ. ಆಸ್ಪತ್ರೇಲಿ ಹೇಳಿದ್ರು. ಗದ್ದಲ ಇಲ್ದಂಗೆ ಒಂದೆರಡು ಗಂಟೆ ಓದಿದ್ದು ಬೇಕಂತೆ" ಎಂದರು. "ಈಗ್ಲೇ ಹೊಳಲ್ಕೆರೆಗೆ ಹೋಗಿ ಒಂದಿಷ್ಟು ಓದಿ ಬಂದ್ಬಿಡ್ಲಾ?"

"ಒಂದೆರಡು ಗಂಟೆ ಯಾಕೆ ಮೇಡಂ, ಏಳು ವರ್ಷದ್ದು ಇದೆ. ನೀವು ದಣೀಬೇಡಿ" ಎಂದೆ.

ಅವರು ಎದ್ದು ಒಳಗೆ ಹೋಗಿ ನೀರು ತಂದರು. "ಆತು ಬಿಡ್ರಿ. ಆಪರೇಷನ್ ಆದ್ಮೇಲೆ ನನ್ನ ದನೀಲೇ ಒಂದಿಬ್ರನ್ನ ಬೈಯಾದು ಬಾಕಿ ಐತೆ" ಎಂದು ನಕ್ಕರು.

ಬಸ್ಸು ಹತ್ತುವ ಮುಂಚೆ, ಹೊಸದುರ್ಗದ ಸ್ಟ್ಯಾಂಡಿನಲ್ಲೇ ನಿಂತು, ಮೂರೂ ಜನರಿಗೆ ಫೋನು ಮಾಡಿದೆ. ದೀಪಾವಳಿ ದೂರವಿತ್ತು, ಆದರೂ ತಾಳೆ ಸಂಖ್ಯೆ ತೆಗೆದು ಓದಲು ಹೇಳಿದೆ. ಮೇಡಂ ಅರ್ಧ ಗಂಟೆಯಲ್ಲಿ ಓದಿದರು. ಔಷಧಿ ಅಂಗಡಿಯವರು ಮರುದಿನ ಓದಿದರು, ಕರೆಂಟು ಇರಲಿಲ್ಲವಂತೆ. ಸ್ಟುಡಿಯೋದವನು ನಾನು ಕೇಳಿದ ಎರಡು ನಿಮಿಷದಲ್ಲಿ ಓದಿದ.

"ಇಷ್ಟು ಬೇಗ ಬಂತೇನಪ್ಪ?"

"ನಮ್ದು ಹೊಸ ಕಂಪ್ಯೂಟ್ರು ಸಾರ್."

"ಭದ್ರ ಐತೆ ತಾನೆ? ಮೇಡಂ ದನಿ ಅದ್ರ ಮ್ಯಾಲೆ ನಿಂತೈತೆ."

"ಐತೆ ಸಾರ್. ನೀವು ನಿಶ್ಚಿಂತಿಯಿಂದ ಇರ್ರಿ."

ಈ ನಾಲ್ಕು ಮಾತುಗಳಲ್ಲಿ ಒಂದಕ್ಷರ ನಾನು ಸೇರಿಸಿಲ್ಲ, ಬಿಟ್ಟಿಲ್ಲ.

ಆಪರೇಷನ್ ಆಯಿತು. ಮೇಡಂ ಚೇತರಿಸಿಕೊಂಡರು. ಕುತ್ತಿಗೆಗೆ ತೆಳುವಾದ ಹತ್ತಿಯ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಮಕ್ಕಳ ಸ್ಲೇಟು ಹಿಡಿದು ಓಡಾಡತೊಡಗಿದರು. ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಬರೆದದ್ದನ್ನು ಅದು ಯಾವುದೋ ಹೆಣ್ಣುದನಿಯಲ್ಲಿ ಓದುತ್ತಿತ್ತು, ಒತ್ತಕ್ಷರಗಳನ್ನು ನುಂಗಿ, ಎಲ್ಲೂ ನಿಲ್ಲದೆ. ಮೇಡಂ ಸ್ಲೇಟಿನಲ್ಲಿ ಬರೆದು ತೋರಿಸಿದರು: "ಇವಳು ಯಾರು? ಮನೆಗೆ ಬಂದು ಕೂತಿದ್ದಾಳೆ. ನನ್ನ ಮಾತು ಇವಳು ಆಡುವುದು ಬೇಡ." ಫೋನಿನ ಸದ್ದು ತೆಗೆದುಬಿಟ್ಟರು. ಯಂತ್ರಕ್ಕೆ ದನಿ ಕಲಿಸುವವರು ಕಡತಗಳನ್ನು ಕಳಿಸಿರೆಂದು ಎರಡು ಸಲ ಕೇಳಿದ್ದರು.

ನಾಲ್ಕು ತುಂಡುಗಳನ್ನೂ ಹೊಳಲ್ಕೆರೆಯಲ್ಲಿ ಕೂಡಿಸುವುದೆಂದು ಮಾತಾಗಿತ್ತು, ಒಳ್ಳೆಯ ಕಂಪ್ಯೂಟರು ಅಲ್ಲಿದ್ದುದರಿಂದ. ಸ್ಟುಡಿಯೋದವನು ಮೂರು ಸಲ ಮುಂದೆ ಹಾಕಿದ. ಮೊದಲ ಸಲ ಅತ್ತೆಯ ಮನೆಯಲ್ಲಿ ಸಾವು. ಎರಡನೆಯ ಸಲ ಕಂಪ್ಯೂಟರು ರಿಪೇರಿಗೆ ದಾವಣಗೆರೆಗೆ ಹೋಗಿತ್ತು. ಮೂರನೆಯ ಸಲ ಕಾರಣ ಹೇಳಲಿಲ್ಲ, "ಸಂಕ್ರಾಂತಿ ಕಳೀಲಿ ಸಾರ್" ಎಂದ. ನಾನು ಮೂರನ್ನೂ ನಂಬಿದೆ.

ಆ ಭಾನುವಾರ ಒಂಬತ್ತೂವರೆಗೆ ನಾವು ಸೇರಿದೆವು. ಮೇಡಂ, ಔಷಧಿ ಅಂಗಡಿಯವರು, ನಾನು. ನನ್ನ ಜೊತೆ ಇನ್ನೊಬ್ಬ ಬಂದಿದ್ದ. ಹಾಸ್ಟೆಲಿನ ಆ ಮೂವರಲ್ಲಿ ಒಬ್ಬ, ಮೇಡಂ ದನಿ ಕೇಳಿಯೇ ಓದಿ ಮುಗಿಸಿ, ಈಗ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದಾನೆ. ಗಂಟು ಬಿಚ್ಚುವಾಗ ತಾನೂ ಇರಬೇಕು ಎಂದು ಕೇಳಿ ಬಂದಿದ್ದ. ಸ್ಟುಡಿಯೋದವನು ಬಾಗಿಲಿಗೇ ಬಂದು, "ಬರ್ರಿ ಬರ್ರಿ, ಕುಂತ್ಕಳ್ರಿ ಮೇಡಂ" ಎಂದು ಕುರ್ಚಿ ಒರೆಸಿ ಹಾಕಿದ. ಅವನ ಹೆಂಡತಿ ಅವರೆಕಾಳಿನ ಉಪ್ಪಿಟ್ಟು ತಂದಿಟ್ಟಳು. ಮೇಡಂಗೆ ನುಂಗಲು ತೊಂದರೆಯೆಂದು ಅವರಿಗೆ ಬೇರೆ, ಮೆತ್ತಗೆ ಬೇಯಿಸಿ ಮಾಡಿದ್ದಳು.

ಮೊದಲು ನನ್ನ ತುಂಡನ್ನು ಕಂಪ್ಯೂಟರಿಗೆ ಹಾಕಿಕೊಂಡ. ಅರ್ಧ ಗಂಟೆ ಹಿಡಿಯಿತು. ಹಸಿರು ಗೆರೆ ಪರದೆಯ ಮೇಲೆ ಬೆಳೆಯುವುದನ್ನು ನೋಡುತ್ತಾ ಕುಳಿತೆವು. ಆಮೇಲೆ ಹಿರಿಯೂರಿನದು, ಇನ್ನರ್ಧ ಗಂಟೆ. ಆಮೇಲೆ ಹೊಸದುರ್ಗದ್ದು. ಈ ಒಂದೂವರೆ ಗಂಟೆಯ ಉದ್ದಕ್ಕೂ ಅವನು ನಮ್ಮೊಂದಿಗೆ ಮಾತಾಡಿದ. ಔಷಧಿ ಅಂಗಡಿಯವರು, "ಏನಪ್ಪ, ಈ ಗೆರೆ ನಮ್ಮ ಹಿರಿಯೂರ ಬಸ್ಸಿಗಿಂತ ನಿಧಾನ ಐತಲ್ಲ" ಎಂದಾಗ ನಕ್ಕ. ಎರಡು ಸಲ ಟೀ ತರಿಸಿದ. ನಾನು ಎಷ್ಟೋ ಸಲ ಮರಳಿ ಮರಳಿ ಹೋಗುವುದು ಈ ಒಂದೂವರೆ ಗಂಟೆಗೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ತುಂಡುಗಳನ್ನು ಒಂದೊಂದಾಗಿ, ಜೋಪಾನವಾಗಿ ಕೂಡಿಸಿದ.

ಹನ್ನೊಂದು ಗಂಟೆಗೆ ಮೂರನೆಯದು ಮುಗಿಯಿತು. ನಾನು ಕಾಲು ಜೋಮು ಹಿಡಿದು ಎದ್ದು ನಿಂತೆ, ಆಗಲೇ ಹೇಳಿದ ಜಾಗದಲ್ಲಿ. ಅವನು ಬೀರು ತೆಗೆಯಲು ನನ್ನ ಪಕ್ಕಕ್ಕೇ ಬಂದ. ಬಾಗಿಲು ತೆಗೆದು ಸ್ವಲ್ಪ ಹೊತ್ತು ಒಳಗೆ ನೋಡುತ್ತಾ ನಿಂತ. ಡಿಸ್ಕು ಕಣ್ಣೆದುರಿಗೇ ಇತ್ತು, ನನ್ನ ಚೀಟಿಯೂ ಇತ್ತು. ತೆಗೆದುಕೊಂಡು ಹೋಗಿ ಕಂಪ್ಯೂಟರಿಗೆ ಹಚ್ಚಿದ. ಪರದೆಯ ಮೇಲೆ ಹಳದಿ ಫೋಲ್ಡರುಗಳ ಸಾಲು ಬಂತು. ಹನ್ನೆರಡೋ ಹದಿಮೂರೋ ಇದ್ದವು, ಎಣಿಸುವಷ್ಟು ಹೊತ್ತು ಸಿಗಲಿಲ್ಲ. ಓದಿದ ಹೆಸರುಗಳಲ್ಲಿ ಮದುವೆ, ಆರತಕ್ಷತೆ, ನಾಮಕರಣ, ಮತ್ತೆ ಮದುವೆ. ನಾಲ್ಕನೆಯ ತುಂಡು ಅಲ್ಲಿರಲಿಲ್ಲ.

ಅವನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಸಾರ್, ಇದ್ರಾಗೆ ಇಲ್ಲ" ಎಂದ.

"ಬೇರೆ ಯಾವುದ್ರಾಗೈತೆ?" ಎಂದು ಕೇಳಿದವರು ಔಷಧಿ ಅಂಗಡಿಯವರು.

ಉತ್ತರ ಬಂದದ್ದು ಬಾಗಿಲಿನಿಂದ. ಅವನ ಹೆಂಡತಿ ಖಾಲಿ ಲೋಟಗಳನ್ನು ತೆಗೆಯಲು ಬಂದು ನಿಂತಿದ್ದಳು. "ಅವತ್ತೇ ಹೇಳ್ರಿ ಅಂತ ಬಡ್ಕಂಡೆ. ಕೇಳ್ಲಿಲ್ಲ" ಎಂದಳು.

"ಯಾವತ್ತಮ್ಮ?"

"ಎರಡು ವರ್ಷದ ಹಿಂದೆ. ಮದ್ವೆ ಸೀಜನ್ನು, ಇವರ ದೊಡ್ಡ ಡಿಸ್ಕು ಸುಟ್ಟೋತು. ಎರಡು ಮನೇರು ಬಂದು ಬಾಗ್ಲಾಗೆ ಕುಂತಿದ್ರು. ಇದನ್ನ ಖಾಲಿ ಮಾಡಿ ಹಾಕ್ಕಂಡ್ರು."

"ಒಂದು ವಾರಕ್ಕೆ ಅಂತ ಮಾಡಿದ್ದು ಸಾರ್" ಎಂದ ಅವನು. "ನಿಮ್ಮ ಹತ್ರ ಒಂದು ಪ್ರತಿ ಇದ್ದೇ ಇರ್ತೈತೆ ಅನ್ಕಂಡಿದ್ದೆ. ಮೇಷ್ಟ್ರು ಅಷ್ಟು ದಡ್ಡರಲ್ಲ, ಒಂದು ಎತ್ತಿಟ್ಟಿರ್ತಾರೆ ಅಂತ."

"ಎಲ್ಲಾ ಅಳಿಸ್ದೆ ಅಂತ ನಿನಗೆ ಹೇಳಿದ್ನಲ್ಲೋ."

"ಹೇಳಿದ್ರಿ. ನಾನು ನಂಬ್ಲಿಲ್ಲ." ಅವನ ದನಿ ಏರಿತು. "ನೀವು ನನ್ನ ನಂಬಿದ್ರಾ ಸಾರ್? ಆ ಟ್ಯೂಷನ್ನಿಗೆ ಪಾಠ ಕೊಟ್ಟೋನು ನಾನೇ ಅಂತ ತಾನೇ ನಾಕು ತುಂಡು ಮಾಡಿದ್ದು? ಜಗಲಿ ಮ್ಯಾಲೆ ಕುಂತು ನನ್ನ ಮುಖ ನೋಡ್ಲಿಲ್ಲ ನೀವು."

ಅವನು ಹೇಳಿದ್ದು ನಿಜ. ಆದರೆ ಕೇಳಬೇಕಾದದ್ದು ಒಂದಿತ್ತು. "ಆಪರೇಷನ್ನಿಗೆ ಮುಂಚೆ ಫೋನ್ ಮಾಡಿದಾಗ ಸಂಖ್ಯೆ ಓದಿದೆಯಲ್ಲೋ, ಅದು?"

"ಡಬ್ಬಿಯಾಗಿನ ಚೀಟಿ" ಎಂದ.

"ಮೇಡಂ ದನಿ ಅದ್ರ ಮ್ಯಾಲೆ ನಿಂತೈತೆ ಅಂದೆ ನಾನು. ಅವತ್ತು."

"ಅಂದ್ರಿ ಸಾರ್. ಅವತ್ತೇ ಹೇಳ್ಬೇಕಿತ್ತು. ನಾಲಿಗೆ ಏಳ್ಲಿಲ್ಲ."

ಕಣ್ಣು ಕಾಣದ ಮೇಷ್ಟ್ರು ಅಷ್ಟು ಹೊತ್ತು ಗೋಡೆಯ ಕಂಬಳಿಗೆ ಬೆನ್ನು ಕೊಟ್ಟು ಕುಳಿತಿದ್ದ. ಏನಾಯಿತು ಎಂದು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಲೂ ಇಲ್ಲ. ಅವನು ಏನು ಯೋಚಿಸಿದನೋ, ಮೆಲ್ಲಗೆ ಶುರು ಮಾಡಿದ. "ಪಾಠ ಒಂದು. ಬೇಸಿಗೆಯಲ್ಲಿ, ಕೆರೆಯ ನೀರು... ಎಲ್ಲಿಗೆ ಹೋಗುತ್ತದೆ?" ಒಂಬತ್ತನೇ ತರಗತಿಯ ವಿಜ್ಞಾನ. ಗಂಡುದನಿ, ಆದರೆ "ನೀರು" ಆದ ಮೇಲಿನ ಆ ನಿಲುಗಡೆ ಮೇಡಂ ಅವರದು. ಅಳೆದ ಹಾಗೆ ಅವರದೇ. ಎರಡನೆಯ ವಾಕ್ಯಕ್ಕೆ ಹೋಗುವಷ್ಟರಲ್ಲಿ ಮೇಡಂ ಎದ್ದು ಹೋಗಿ ಅವನ ಬಾಯಿಯ ಮೇಲೆ ಅಂಗೈ ಇಟ್ಟರು. ಅವನು ನಿಲ್ಲಿಸಿದ.

ಅವರು ಕುರ್ಚಿಗೆ ಮರಳಿ ಸ್ಲೇಟು ತೆಗೆದುಕೊಂಡು ಬರೆದರು. ಬಳಪ ಎಲ್ಲೂ ಅವಸರಪಡಲಿಲ್ಲ. "ಮೊದಲೇ ಹೇಳಿದ್ದರೆ ಇಪ್ಪತ್ತೆರಡು ದಿನ ಇತ್ತು. ಓದುತ್ತಿದ್ದೆ." ಸ್ಲೇಟನ್ನು ಸ್ಟುಡಿಯೋದವನ ಕಡೆ ಹಿಡಿದರು. ಅವನು ಓದಿ ತಲೆ ತಗ್ಗಿಸಿದ. ಅದನ್ನು ಅಳಿಸುತ್ತಾರೆಂದು ನಾನು ಕಾದೆ. ಅಳಿಸಲಿಲ್ಲ. ಸ್ಲೇಟನ್ನು ಹಾಗೇ ತಿರುಗಿಸಿ ನನ್ನ ಕಡೆ ಹಿಡಿದರು. ಅವನ ಕಡೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಆ ಡಿಸ್ಕನ್ನು ಬೆಂಗಳೂರಿಗೆ ಕಳಿಸಿದೆವು, ಅಳಿಸಿದ್ದರ ಮೇಲೆ ಎರಡು ಮೂರು ಸಲ ಬೇರೆ ಬರೆದಿದೆ, ಏನೂ ಉಳಿದಿಲ್ಲ ಎಂದು ಆರು ವಾರದ ಮೇಲೆ ಹೇಳಿದರು. ಉಳಿದ ಮೂರು ತುಂಡುಗಳನ್ನಾದರೂ ಬಿಚ್ಚಲು ಬರುತ್ತದೆಯೇ ಎಂದು ಕೇಳಿದೆ. ಯಾವ ಪಾಠ ಎಲ್ಲಿದೆ ಎಂಬ ಪಟ್ಟಿ ಇರುವುದು ಕೊನೆಯ ತುಂಡಿನಲ್ಲಿ, ಮೇಲಾಗಿ ಪಾಠದ ಹೆಸರೂ ಕಾಣದ ಹಾಗೆ ಪಾಸ್‌ವರ್ಡು ಹಾಕಿದ್ದೀರಿ, ಆಗುವುದಿಲ್ಲ ಎಂದರು. ಹಾಕಿದ್ದು ನಾನು. ಹಳೆಯ ವಿದ್ಯಾರ್ಥಿಗಳ ಫೋನುಗಳನ್ನೆಲ್ಲ ಜಾಲಾಡಿದೆವು. ಪಠ್ಯ ಬದಲಾದಾಗ ಎಲ್ಲರೂ ಅಳಿಸಿದ್ದರು. ಒಂದು ಹಳೆಯ ಮೆಮೊರಿ ಕಾರ್ಡಿನಲ್ಲಿ ನಾಲ್ಕು ನಿಮಿಷದ ಡಬ್ಬಿ ದನಿ ಸಿಕ್ಕಿತು, ಯಂತ್ರದವರು ಸಾಲದು ಎಂದರು. ಜಾಹೀರಾತಿನ ಹಿಂದಿದ್ದ ಪಾಠವನ್ನೂ ಹುಡುಕಿದೆವು. ಆಗ ನಾವೇ ದೂರು ಕೊಟ್ಟು, ಬೆನ್ನು ಹತ್ತಿ ತೆಗೆಸಿಹಾಕಿದ್ದೆವು. ಮೇಡಂ ಫೋನಿನಲ್ಲಿ ಎಂದೂ ದನಿಸಂದೇಶ ಕಳಿಸಿದವರಲ್ಲ, ಬರೆದೇ ಕಳಿಸುತ್ತಿದ್ದರು.

ಸ್ಟುಡಿಯೋದವನು ನನಗೆ ಈಗಲೂ ಫೋನು ಮಾಡುತ್ತಾನೆ. ನಾನು ಎತ್ತುವುದಿಲ್ಲ. ಅವನು ಮೋಸಗಾರನೇ ಎಂದು ಯಾರಾದರೂ ನೇರವಾಗಿ ಕೇಳಿದರೆ, ಒಂದು ವಾರದ ಮಟ್ಟಿಗೆ ಜಾಗ ಬೇಕಾಗಿ ಅಳಿಸಿದವನನ್ನು ಹಾಗೆನ್ನಲಾರೆ. ಹೊಸದುರ್ಗದ ಸ್ಟ್ಯಾಂಡಿನಲ್ಲಿ ನಾನು ಫೋನು ಹಿಡಿದು ನಿಂತಿದ್ದಾಗ ಚೀಟಿ ನೋಡಿ ಓದಿದವನನ್ನು ಅನ್ನುತ್ತೇನೆ. ಇಬ್ಬರೂ ಒಬ್ಬನೇ ಎನ್ನುವುದು ನನಗೆ ಗೊತ್ತಿದೆ.

ಆ ಬೆಳಿಗ್ಗೆ ಆ ಕೋಣೆಯಲ್ಲಿ ಆರು ಜನ ಇದ್ದೆವು. ಹಿರಿಯೂರಿನ ಔಷಧಿ ಅಂಗಡಿಯವರು ಆಷಾಢದಲ್ಲಿ ತೀರಿಕೊಂಡರು, ಅವರ ಸಾಕ್ಷಿ ಅವರ ಜೊತೆ ಹೋಯಿತು. ನಾನು ಹೇಳಿದ್ದು ಸರಿಯಿಲ್ಲ ಎನ್ನಿಸಿದವರು ಉಳಿದವರನ್ನು ಕೇಳಬಹುದು. ಸ್ಟುಡಿಯೋದವನು ಹೊಳಲ್ಕೆರೆಯಲ್ಲಿ ಅದೇ ಅಂಗಡಿ ನಡೆಸುತ್ತಿದ್ದಾನೆ. ಖಾಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಇದ್ದಾಳೆ, ಅವಳು ಸುಳ್ಳು ಹೇಳುವವಳಲ್ಲ. ಭರಮಸಾಗರದ ಕಡೆ ಕೆಲಸದಲ್ಲಿರುವ ಕಣ್ಣು ಕಾಣದ ಮೇಷ್ಟ್ರು ಇದ್ದಾನೆ. ಯಾರು ಯಾವ ಮಾತಿನ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದರೆಂದು ನಮ್ಮೆಲ್ಲರಿಗಿಂತ ಸರಿಯಾಗಿ ಅವನೇ ಹೇಳಬಲ್ಲ. ಮೇಡಂ ಹೊಸದುರ್ಗದಲ್ಲಿ ಇದ್ದಾರೆ, ಆರೋಗ್ಯವಾಗಿದ್ದಾರೆ. ಅವರನ್ನು ಕೇಳುವವರು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಹೋಗಬೇಕು, ಬರೆದು ತೋರಿಸುತ್ತಾರೆ.